ಮಧ್ಯಾಹ್ನದ ಪಿಂಡಿ, ಸಂಜೆಯ ಪಿಂಡಿ

ಬೇಲರಿನ ಗಂಟು ಹಾಕುವ ಕೊಕ್ಕಿನ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಕಾಯಲಿ. ಮೊನ್ನೆ ಹೊಳೆಹೊನ್ನೂರಿನ ಕಡೆ, ಭದ್ರಾ ನಾಲೆಯ ಗದ್ದೆಯೊಂದರಲ್ಲಿ, ಮಳೆಗಾಲದ ಬೆಳೆಯ ಹುಲ್ಲು ಕಟ್ಟುವುದನ್ನು ನೋಡುತ್ತ ದಿನವಿಡೀ ನಿಂತಿದ್ದೆ. ಮಧ್ಯಾಹ್ನ ಬಿದ್ದ ಚೌಕ ಪಿಂಡಿಯನ್ನು ಎತ್ತಿದರೆ ದಾರ ಮಾತ್ರ ಕೈಗೆ ಬಂತು, ಹುಲ್ಲು ನೆಲದಲ್ಲೇ ಉಳಿಯಿತು. ಇಬ್ಬನಿ ಇಳಿದ ಮೇಲೆ ಬಿದ್ದದ್ದು ಕಲ್ಲಿನ ಹಾಗೆ. ಎರಡು ಪಿಂಡಿಯ ದಾರವೂ ಕಿತ್ತಿತು. ಚಾಲಕನನ್ನು ಕೇಳಿದೆ. ‘ಹ್ಯಾಂಡ್ಲು ಮುಟ್ಟೇ ಇಲ್ಲ ಸಾರ್, ಬೆಳಿಗ್ಗೆ ಹೆಂಗಿತ್ತೋ ಹಂಗೇ ಐತೆ’ ಅಂದ. ಅದು ಅವನ ಸಮಜಾಯಿಷಿ. ನನ್ನ ತಕರಾರೂ ಅದೇ.

ಹಿಂಬದಿಯ ಆ ಎರಡು ಹ್ಯಾಂಡಲ್ ಬಿಗಿತವನ್ನು ನಿಗದಿ ಮಾಡುವುದಿಲ್ಲ. ಸ್ಪ್ರಿಂಗ್ ಒತ್ತಿ ಪಿಂಡಿ ಹೊರಬರುವ ದಾರಿಯನ್ನು ಕಿರಿದು ಮಾಡುತ್ತವೆ, ಅಷ್ಟೆ. ಮುಂದಿನ ಪಿಂಡಿ ಎಷ್ಟು ತಿಕ್ಕಾಡಿಕೊಂಡು ಜರುಗುತ್ತದೋ ಹಿಂದಿನದಕ್ಕೆ ಪ್ಲಂಜರಿನ ಗುದ್ದು ಅಷ್ಟು ನಾಟುತ್ತದೆ. ಖಾಲಿ ಪೆಟ್ಟಿಗೆಯ ಮೊದಲ ಪಿಂಡಿ ಯಾವಾಗಲೂ ಸಡಿಲವಾಗುವುದು ಇದಕ್ಕೇ. ಕಟಾವು ಯಂತ್ರದಲ್ಲಿ ಜಜ್ಜಿ ಬಂದ ಒಣ ಹುಲ್ಲು ಬಿಸಿಲಲ್ಲಿ ಜಾರುತ್ತದೆ, ತೇವದ್ದು ಕಚ್ಚಿಕೊಳ್ಳುತ್ತದೆ. ಹಾಗಾಗಿ ಬಿಸಿಲೇರಿದಂತೆ ತಿರುಗಿಸಬೇಕು, ಇಬ್ಬನಿಗೆ ಮೊದಲೇ ಸಡಿಲಿಸಬೇಕು. ಎರಡನ್ನೂ ಸಮನಾಗಿ, ಒಂದೇ ಬಿಗಿದರೆ ಪಿಂಡಿ ಬಾಳೆಹಣ್ಣಿನಂತೆ ಡೊಂಕು. ತಿರುಗಿಸಿದ ಮೇಲೆ ಎರಡು ಮೂರು ಪಿಂಡಿ ಕಾದು ಕೈಯಿಟ್ಟು ನೋಡುವ ತಾಳ್ಮೆಯೂ ಬೇಕು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಗೆ ಹದ ಅಂದರೇನೆಂದು ನಾನು ಹೇಳಬೇಕೆ?

ಉರುಟು ಪಿಂಡಿ ಕಟ್ಟುವ ರೋಲ್ ಪಕ್ಷದವರು ಇಷ್ಟು ಕೇಳಿ ನಗುತ್ತಾರೆ: ‘ನಮ್ಮ ಯಂತ್ರಕ್ಕೆ ಈ ರಗಳೆಯೇ ಇಲ್ಲ.’ ಇರಬಹುದು. ಆದರೆ ಉರುಟು ಪಿಂಡಿಗಳನ್ನು ಒಂದರ ನೆತ್ತಿಯ ಮೇಲೊಂದು ನೇರ ಪೇರಿಸಿದರೆ ನೂರರಲ್ಲಿ 21 ಪಾಲು ಗಾಳಿ. ಸಂದಿಗೆ ಸಂದಿ ಕೂರಿಸಿದರೂ 9 ಪಾಲು. ತೀರ್ಥಹಳ್ಳಿಯ ಕೊಟ್ಟಿಗೆಗೆ ಹುಲ್ಲು ತರಿಸುವವರು ಆ ಗಾಳಿಗೂ ಲಾರಿ ಬಾಡಿಗೆ ಕೊಡುತ್ತಾರೆ. ಚೌಕದ್ದು ಇಟ್ಟಿಗೆಯಂತೆ ಕೂರುತ್ತದೆ, ಬಿಗಿ ಸರಿಯಿದ್ದರೆ.

ಸರಿ ಯಾಕಿರುವುದಿಲ್ಲ ಅಂದರೆ, ಕೂಲಿ ಪಿಂಡಿಯ ಲೆಕ್ಕದಲ್ಲಿ. ಸಡಿಲ ಕಟ್ಟಿದಷ್ಟೂ ಎಣಿಕೆ ಹೆಚ್ಚು, ಯಂತ್ರದ ಮೈಯೂ ಹಗುರ. ಹ್ಯಾಂಡಲ್ ತಿರುಗಿಸಲು ಚಾಲಕನಿಗೇನು ಹುಚ್ಚೆ? ಹತ್ತು ಪಿಂಡಿ ತೂಗಿ ಕಿಲೋ ಲೆಕ್ಕದಲ್ಲಿ ಕೊಡಿ ಎಂದು ವರ್ಷಗಳಿಂದ ಬರೆಯುತ್ತಿದ್ದೇನೆ. ಆದರೆ ಆಗ ಇಬ್ಬನಿಯನ್ನೂ ತೂಗಿಸಿಬಿಡುವ ಜಾಣರಿದ್ದಾರೆ. ತೇವ ನೂರಕ್ಕೆ 20 ದಾಟಿದ ಹುಲ್ಲನ್ನು ಬಿಗಿದು ಕಟ್ಟಿದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ದನ ಮೂಸಿ ಮುಖ ತಿರುಗಿಸುತ್ತದೆ.

ನಮ್ಮಜ್ಜ ಬಣವೆ ಒಟ್ಟುವಾಗ ನನ್ನನ್ನು ಮೇಲೆ ಹತ್ತಿಸಿ ತುಳಿಸುತ್ತಿದ್ದರು. ನಡುವೆ ಕುಣಿಯಬಹುದಿತ್ತು, ಅಂಚಿಗೆ ಹೋದರೆ ಕೆಳಗಿನಿಂದ ಗದರು. ನಡು ಗಟ್ಟಿಯಾಗಿ ಎತ್ತರ ನಿಂತರೆ ಅಂಚಿನ ಹುಲ್ಲು ಹೊರಕ್ಕೆ ಬಾಗಿ ಮಳೆನೀರು ಜಾರಿಹೋಗುತ್ತದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ಗೊತ್ತಿದ್ದದ್ದು ಕಾಲು ತುರಿಕೆ ಮಾತ್ರ.

ಗಂಟಿನ ಕೊಕ್ಕು ಮುಂದಿನ ವಾರ, ಖಂಡಿತ.