ಕಣ್ಣಿನ ಮಟ್ಟಕ್ಕೆ ಇಳಿದ ಹೊಯ್ಸಳರು

ಆನೇಮಹಲ್ ಕಡೆಗೆ ಬಂದವರು ಮಂಜರಾಬಾದ್ ಕೋಟೆ ಹತ್ತುತ್ತಾರೆ. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ ಅದು, ಹತ್ತಲೇಬೇಕು. ಬೇಲೂರು ದಾರಿ ಹಿಡಿದು ಹಳೇಬೀಡಿಗೂ ಹೋಗುತ್ತಾರೆ. ಆದರೆ ಹೊಯ್ಸಳೇಶ್ವರನ ಗುಡಿ ಸುತ್ತಿದ ಮೇಲೆ ಅದೇ ಆವರಣದಲ್ಲಿರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಕಾಲಿಡುವವರು ಕಡಿಮೆ. ನನಗದು ಬೇಸರದ ಸಂಗತಿ.

ಗುಡಿಯಲ್ಲಿ ಕತ್ತೆತ್ತಿ ನೋಡಿ ನೋಡಿ ಸೋಲುತ್ತೇವೆ. ಇಲ್ಲಿ ಸುತ್ತಲಿನ ಪಾಳುಗುಡಿಗಳ ಶಿಲ್ಪಗಳು ಎದುರಿಗೇ ನಿಂತಿವೆ, ಕೆಲವು ಬಯಲಲ್ಲೇ. ಒಂದು ಮೂರ್ತಿಯ ಕೊರಳಹಾರವನ್ನು ಹತ್ತಿರದಿಂದ ನೋಡಿ: ಒಂದೊಂದೇ ಬಿಡಿಸಿದ ಮಣಿ, ನಡುವೆ ನೆರಳು ನುಸುಳುವಷ್ಟು ಆಳ. ಬಳಪದ ಕಲ್ಲು ಆಗಷ್ಟೇ ಅಗೆದು ತೆಗೆದಾಗ ಮೆದು, ಗಾಳಿಗೆ ಬಿದ್ದಂತೆಲ್ಲ ಗಟ್ಟಿ. ಉಳಿಗೆ ಅಷ್ಟು ಸಲಿಗೆ ಸಿಕ್ಕಿದ್ದು ಅದರಿಂದಲೇ. ಆದರೂ ಆ ತಾಳ್ಮೆ ಕಲ್ಲಿನದಲ್ಲ, ರೂವಾರಿಯದು. ಕೈ ಮುರಿದ, ಮೂಗು ಹೋದ ಶಿಲ್ಪಗಳನ್ನೂ ದಾಟಿ ಹೋಗಬೇಡಿ. ಮುರಿದ ಅಂಚಿನ ಒರಟನ್ನು ಕಂಡ ಮೇಲೆಯೇ ಮೇಲ್ಮೈಗೆ ಕೊಟ್ಟ ನಯದ ಬೆಲೆ ತಿಳಿಯುವುದು.

ಅಂದಹಾಗೆ, ಶುಕ್ರವಾರ ಬಾಗಿಲು ಹಾಕಿರುತ್ತದೆ. ಉಳಿದ ದಿನ ಬೆಳಗ್ಗೆಯೇ ಹೋಗಿ. ಓರೆ ಬಿಸಿಲಿಗೆ ಬಯಲಿನ ಶಿಲ್ಪಗಳ ಕೆತ್ತನೆ ಎದ್ದು ಕಾಣುತ್ತದೆ.