ಸ್ವೆಪ್ಟ್ ಕಟ್‌ಗೆ ಸಂದ ಅತಿ ಮನ್ನಣೆ

ಒಂದು ಆಕೃತಿಯನ್ನು, ಅಂದರೆ ಪ್ರೊಫೈಲನ್ನು, ಪಾತ್ ಎಂದು ಕರೆಯುವ ರೇಖೆಯ ಗುಂಟ ಎಳೆದು ಘನರೂಪದಿಂದ ಅಷ್ಟು ಭಾಗವನ್ನು ಕಳೆಯುವ ಸ್ವೆಪ್ಟ್ ಕಟ್ ಎಂಬ ಆಜ್ಞೆಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಕ್ಯಾಡ್ ಕಲಿಕೆಯಲ್ಲಿ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. 1980ರಲ್ಲಿ ಆರಂಭವಾದ, ಫ.ಗು. ಹಳಕಟ್ಟಿಯವರ ಹೆಸರು ಹೊತ್ತ ಎಂಜಿನಿಯರಿಂಗ್ ಕಾಲೇಜು ಇರುವ ವಿಜಯಪುರದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಮಾಡೆಲ್ ಕಲಿಯುವ ಕೊಠಡಿಗೂ, ಔಷಧಿ ಹೊಡೆಯುವ ಪಂಪಿನ ಬುಷ್, ಶಾಫ್ಟು ಸವೆದರೆ ಕೆಲಸ ನಿಲ್ಲುವ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಿಗೂ ನಡುವಿನ ದೂರ ಕಡಿಮೆಯಾದ್ದರಿಂದ, ಪರದೆಯ ಮೇಲಿನ ತಪ್ಪಿನ ಬೆಲೆಯನ್ನು ತೆರುವವರು ಹತ್ತಿರದಲ್ಲೇ ಇರುತ್ತಾರೆ.

ಬ್ಯಾರಲ್ ಕ್ಯಾಮ್ ಒಂದನ್ನೇ ಪರೀಕ್ಷಿಸಿದರೆ ದೋಷದ ಬೇರು ಸಿಗುತ್ತದೆ. ಇದು ಮೈಮೇಲೆ ಸುರುಳಿ ತೋಡು ಕೊರೆದ ಸಿಲಿಂಡರ್. ತೋಡಿನೊಳಗಿನ ರೋಲರನ್ನು ಅದು ಅಕ್ಷದ ಗುಂಟ ಸರಿಸುತ್ತದೆ. ವ್ಯಾಸ 80 ಮಿ.ಮೀ., ತೋಡಿನ ಆಳ 10 ಮಿ.ಮೀ., ಅಗಲ 12 ಮಿ.ಮೀ., ಒಂದು ಸುತ್ತಿಗೆ ಮುಂದೆ ಸರಿಯುವ ದೂರವಾದ ಲೀಡ್ 100 ಮಿ.ಮೀ. ಎಂದಿಟ್ಟುಕೊಂಡರೆ, ಸುರುಳಿಯ ಓರೆ ಮೇಲ್ಮೈಯಲ್ಲಿ 21.7 ಡಿಗ್ರಿ ಇದ್ದದ್ದು ತಳದಲ್ಲಿ 27.9 ಡಿಗ್ರಿಗೆ ಏರುತ್ತದೆ. ಆಯತಾಕಾರದ ಪ್ರೊಫೈಲನ್ನು ಅಕ್ಷದ ಮೂಲಕ ಹಾಯುವ ಸಮತಲದಲ್ಲಿ ಬರೆದು ಎಳೆದರೆ, ಮೇಲೆ 12 ಮಿ.ಮೀ. ಇರುವ ನಿಜವಾದ ಅಗಲ ತಳದಲ್ಲಿ 11.4ಕ್ಕೆ ಕುಗ್ಗುತ್ತದೆ, ಪಾತ್‌ಗೆ ಲಂಬವಾಗಿ ಬರೆದರೂ ಸುಮಾರು 0.07 ಮಿ.ಮೀ. ಕೊರತೆ ಉಳಿಯುತ್ತದೆ. ಸಿಲಿಂಡರಿನ ಕೇಂದ್ರದ ಕಡೆಗೆ ಮುಖ ಮಾಡಿದ 12 ಮಿ.ಮೀ. ಎಂಡ್ ಮಿಲ್ ಎಂಬ ಸಿಲಿಂಡರ್ ಆಕಾರದ ಕಟರ್ ಅದೇ ದಾರಿಯಲ್ಲಿ ಸಾಗಿದರೆ ಯಾವ ಆಳದಲ್ಲಿ ಅಳೆದರೂ ಅಗಲ 12 ಆಗಿಯೇ ಇರುತ್ತದೆ. ಆಳಕ್ಕೆ ಇಳಿದಂತೆ ಓರೆ ಬದಲಾಗಿ, ಕಟರ್ ಗೋಡೆಯನ್ನು ಮುಟ್ಟುವ ಜಾಗವೂ ಅದರ ಸುತ್ತ ಸರಿಯುತ್ತದೆ. ಚಪ್ಪಟೆ ಪ್ರೊಫೈಲಿಗೆ ಈ ಸರಿಯುವಿಕೆ ತಿಳಿಯದು. ತೋಡು ನಿಲ್ಲುವಲ್ಲಿ ಕಟರ್ ಅರ್ಧವೃತ್ತ ಬಿಡುತ್ತದೆ, ಸ್ವೆಪ್ಟ್ ಕಟ್ ಚಪ್ಪಟೆ ಗೋಡೆ ಬಿಡುತ್ತದೆ ಎಂಬುದೂ ಇದೇ ಅಜ್ಞಾನದ ಫಲ.

ಈ ಆಜ್ಞೆಗೆ ಸಲ್ಲಬೇಕಾದ ಗೌರವ ಒಂದಿದೆ. ಗೋಳ ಯಾವ ದಿಕ್ಕಿನಿಂದ ನೋಡಿದರೂ ಒಂದೇ ಆದ್ದರಿಂದ, ತುದಿ ಗುಂಡಗಿರುವ ಬಾಲ್‌ನೋಸ್ ಕಟರ್ ಕೊರೆಯುವ ಎಣ್ಣೆ ತೋಡಿಗೆ ಪಾತ್‌ಗೆ ಲಂಬವಾದ ವೃತ್ತದ ಪ್ರೊಫೈಲ್, ತೋಡು ನಿಲ್ಲುವ ತುದಿಗಳನ್ನು ಬಿಟ್ಟರೆ, ಪೂರ್ತಿ ನಿಷ್ಠವಾಗಿರುತ್ತದೆ.

ಮಾಡೆಲ್ ಆಶಯವನ್ನಷ್ಟೇ ಹೇಳುತ್ತದೆ, ಉಳಿದದ್ದನ್ನು ಟೂಲ್‌ಪಾತ್, ಅಂದರೆ ಕಟರ್ ಸಾಗುವ ದಾರಿ, ಬರೆಯುವವರು ಸರಿಪಡಿಸಿಕೊಳ್ಳುತ್ತಾರೆ ಎಂದು ವಾದಿಸುವವರಿದ್ದಾರೆ. ಕಾಗದದ ಡ್ರಾಯಿಂಗ್ ಕಾಲದಲ್ಲಿ ಒಪ್ಪಬಹುದಾಗಿದ್ದ ಈ ವಾದ, ಡಿಜಿಟಲ್ ಮಾಡೆಲ್ಲನ್ನೇ ಉತ್ಪನ್ನದ ಅಧಿಕೃತ ದಾಖಲೆಯಾಗಿ ಬಳಸುವ ಕ್ರಮವನ್ನು 2003ರಲ್ಲಿ ಏಎಸ್‌ಎಂಇ ವೈ14.41 ಮಾನದಂಡ ನಿಗದಿಪಡಿಸಿದ ಮೇಲೆ ದುರ್ಬಲವಾಗಿದೆ. ತಪಾಸಣಾ ಯಂತ್ರ ಹೋಲಿಸುವುದು ಮಾಡೆಲ್‌ನೊಂದಿಗೆ. ಹಾಗಾಗಿ ಸರಿಯಾಗಿ ಕೊರೆದವನ ಭಾಗ ತಿರಸ್ಕೃತವಾಗುತ್ತದೆ, ಸಣ್ಣ ಕಟರ್ ಹಿಡಿದು ತಪ್ಪು ಗೋಡೆಯನ್ನೇ ನಿಷ್ಠೆಯಿಂದ ಕೆತ್ತಿದವನ ಭಾಗ ಪಾಸಾಗಿ ರೋಲರ್ ಮಾತ್ರ ಸಿಕ್ಕಿಬೀಳುತ್ತದೆ. ಪ್ರೊಫೈಲಿಗೆ ಬದಲು ಕಟರಿನ ಘನರೂಪವನ್ನೇ ಎಳೆಯುವ ಸಾಲಿಡ್ ಸ್ವೀಪ್ ಪದೇಪದೇ ವಿಫಲವಾಗುತ್ತದೆ ಎಂಬುದು ಇನ್ನೊಂದು ಬಣದ ದೂರು. ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ ತಂತ್ರಾಂಶದಲ್ಲಿ ಆ ಘನ ಒಂದು ಸಿಲಿಂಡರ್ ಆಗಿರಬೇಕು, ಇಲ್ಲವೇ ಸರಳರೇಖೆ, ಕಂಸಗಳನ್ನು ತಿರುಗಿಸಿ ಪಡೆದದ್ದಾಗಿರಬೇಕು. ಪಾತ್ ಎಲ್ಲೂ ಮುರಿಯದೆ ನುಣುಪಾಗಿ ಸಾಗಬೇಕು, ಕಟರಿನ ಮೇಲೋ ಒಳಗೋ ಆರಂಭವಾಗಬೇಕು. ಈ ಷರತ್ತುಗಳನ್ನು ಅಡಚಣೆಯೆಂದು ಬಗೆಯುವುದೇ ತಪ್ಪು, ಏಕೆಂದರೆ ಯಾವ ಕಟರ್, ಎಲ್ಲಿಂದ ಒಳಹೋಗುತ್ತದೆ, ತಿರುವಿನಲ್ಲಿ ಹಿಡಿಸುತ್ತದೆಯೇ ಎಂಬ, ವಿನ್ಯಾಸಕ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನೇ ಅವು ಕೇಳುತ್ತವೆ.

ಆದ್ದರಿಂದ ಸ್ವೆಪ್ಟ್ ಕಟ್‌ನ ನಿಯಂತ್ರಣವೆಂದರೆ ಎಳೆಯುವಾಗ ಪ್ರೊಫೈಲಿನ ಆಕಾರ ಬದಲಿಸುವ, ತಿರುಚುವ ಗೈಡ್ ಕರ್ವ್, ಟ್ವಿಸ್ಟ್ ಆಯ್ಕೆಗಳ ಚಾತುರ್ಯವೆಂದು ಕಲಿಸುವುದು ನಿಲ್ಲಬೇಕು. ಕಟರಿನ ವ್ಯಾಸವನ್ನೂ ಅದರ ಅಕ್ಷದ ದಿಕ್ಕನ್ನೂ ಮೊದಲು ಬರೆದಿಟ್ಟು, ತೋಡಿನ ಅಗಲವನ್ನು ಮೇಲೊಮ್ಮೆ ತಳದಲ್ಲೊಮ್ಮೆ ಅಳೆದು ತೋರಿಸದ ಮಾಡೆಲ್‌ಗೆ, ಅದು ಎಷ್ಟೇ ನುಣುಪಾಗಿ ಕಂಡರೂ, ಅಂಕ ಕೊಡಬಾರದು.