ತರಗತಿಯ ಮೌನ: ಠಾಕೂರರ ಎರಡು ಕತೆಗಳು ಮತ್ತು ಒಂದು ಜಪಾನೀ ಸ್ಮೃತಿ

ಸಂಕೋಚ ಸ್ವಭಾವದ ಬಾಲಕನನ್ನು ಕುರಿತು ಶಿಕ್ಷಣಶಾಸ್ತ್ರದ ದಪ್ಪ ಗ್ರಂಥಗಳು ಹೇಳಲಾರದ್ದನ್ನು ರವೀಂದ್ರನಾಥ ಠಾಕೂರರ ಒಂದು ಪುಟ್ಟ ಕತೆ ಹೇಳಿಬಿಡುತ್ತದೆ. 1891ರ ‘ಗಿನ್ನಿ’ಗೆ ‘ಕಾಬೂಲಿವಾಲಾ’ದ ಖ್ಯಾತಿ ದೊರೆಯಲಿಲ್ಲ. ಮೇಲ್ನೋಟಕ್ಕೆ ಅದು ಶಾಲೆಯ ದಿನಗಳ ಒಂದು ಲಘುಚಿತ್ರ. ಒಳಹೊಕ್ಕವರಿಗೆ ಮಾತ್ರ ಅದರ ಕ್ರೌರ್ಯ ಕಾಣುತ್ತದೆ.

ಶಿವನಾಥ ಪಂಡಿತನಿಗೆ ಹುಡುಗರಿಗೆ ಅಡ್ಡಹೆಸರಿಡುವುದೊಂದು ವಿನೋದ. ಶಶಿಶೇಖರನೆಂಬ ಹುಡುಗ ಅವನ ಬಾಯಲ್ಲಿ ‘ಭೇಟ್ಕಿ’ ಎಂಬ ಮೀನಾಗುತ್ತಾನೆ. ಆಶುವಾದರೋ ಬಹಳ ನಾಚಿಕೆಯ ಹುಡುಗ. ಮಧ್ಯಾಹ್ನ ಒಂದು ಗಂಟೆಗೆ ಮನೆಯ ದಾಸಿ ಎಲೆಯ ಪೊಟ್ಟಣದಲ್ಲಿ ಸಿಹಿತಿಂಡಿಯನ್ನೂ ಸಣ್ಣ ತಂಬಿಗೆಯಲ್ಲಿ ನೀರನ್ನೂ ತಂದು ನಿಂತರೆ, ಅವಳು ಬೇಗ ತೊಲಗಿದರೆ ಸಾಕೆನಿಸುತ್ತದೆ ಅವನಿಗೆ. ತನಗೂ ಒಂದು ಮನೆಯುಂಟು, ಅಲ್ಲಿ ತಾನು ಮುದ್ದಿನ ಮಗ ಎಂಬುದು ಸಹಪಾಠಿಗಳಿಗೆ ತಿಳಿಯಕೂಡದು. ರಜೆಯ ದಿನವೊಂದರಲ್ಲಿ ಮಳೆ ಸುರಿಯುತ್ತಿರುವಾಗ ಅವನು ಪುಟ್ಟ ತಂಗಿಯೊಡನೆ ಗೊಂಬೆಯ ಮದುವೆ ಆಡುತ್ತಾನೆ. ಮದುವೆಗೆ ಪುರೋಹಿತ ಬೇಕು. ಮಳೆಗೆ ಹೆದರಿ ಅವರ ಮನೆಯ ಮುಂಚಾವಣಿಯಡಿ ನಿಂತಿದ್ದ ಅಪರಿಚಿತನೊಬ್ಬನನ್ನು ತಂಗಿ ಕರೆಯುತ್ತಾಳೆ. ಅವನೇ ಶಿವನಾಥ. ಮರುದಿನ ತರಗತಿಯೆಲ್ಲ ಕೇಳುವಂತೆ ಆ ವೃತ್ತಾಂತ ಬಯಲಾಗುತ್ತದೆ. ಆಶು ‘ಗಿನ್ನಿ’, ಎಂದರೆ ಮನೆಯೊಡತಿ, ಆಗುತ್ತಾನೆ.

ಇಲ್ಲಿ ಗಮನಿಸತಕ್ಕದ್ದು ಒಂದುಂಟು. ತಂಗಿಯೊಡನೆ ಆಡುವ ಆಶುವಿನಲ್ಲಿ ಸಂಕೋಚದ ಸುಳಿವೂ ಇಲ್ಲ. ಹಾಗಾದರೆ ನಾಚಿಕೆ ಎಂಬುದು ಹುಡುಗನ ಒಳಗಿನ ಒಂದು ಕೊರತೆಯಲ್ಲ. ಅವನಿಗೂ ಅವನು ಕುಳಿತ ಕೋಣೆಗೂ ಇರುವ ಸಂಬಂಧದ ಹೆಸರು. ಪಂಡಿತ ಮಾಡಿದ ಅಪರಾಧ ಅಡ್ಡಹೆಸರಿಟ್ಟದ್ದಷ್ಟೇ ಅಲ್ಲ. ಮಗು ನಿರಾತಂಕವಾಗಿದ್ದ ಒಂದೇ ಒಂದು ತಾಣವನ್ನು ಅವನು ನಗೆಪಾಟಲಿಗೆ ಎಳೆದು ತಂದ. ಬೆತ್ತದ ಬಾಸುಂಡೆ ನಾಲ್ಕು ದಿನಕ್ಕೆ ಮಾಯುತ್ತದೆ. ತಂಗಿಯೊಡನೆ ಆಡಿದ್ದೇ ಬಾಳಿನ ಮಹಾಪ್ರಮಾದವೆಂದು ಬಗೆದ ಹುಡುಗ ಇನ್ನು ಯಾರೊಡನೆ ಆಡಿಯಾನು?

ಕತೆಯಲ್ಲಿ ಒಂದು ಕೊರತೆಯೂ ಇದೆ ಎನ್ನದೆ ವಿಧಿಯಿಲ್ಲ. ಕತೆ ಹೇಳುವವನು ‘ನಮ್ಮ ಪಂಡಿತ’ ಎನ್ನುತ್ತಾನೆ. ಎಂದರೆ ಅವನೂ ಆ ತರಗತಿಯವನೇ. ‘ಗಿನ್ನಿ, ಗಿನ್ನಿ’ ಎಂದು ಹುಡುಗರು ಆಶುವನ್ನು ಮುತ್ತಿದಾಗ ಅವನೆಲ್ಲಿದ್ದ? ಒಬ್ಬ ಹುಡುಗ ಬಂದು ಪಕ್ಕದಲ್ಲಿ ನಿಂತಿದ್ದರೆ ಆಶುವಿನ ಪಾಡು ಬೇರೆಯಾಗುತ್ತಿತ್ತು. ಆ ಕಡೆಗೆ ಠಾಕೂರರ ದೃಷ್ಟಿ ಹರಿಯಲಿಲ್ಲ.

ಮೌನದ ಇನ್ನೊಂದು ಮುಖ 1912ರಲ್ಲಿ ಪುಸ್ತಕವಾಗಿ ಬಂದ ‘ಜೀವನಸ್ಮೃತಿ’ಯಲ್ಲಿದೆ. ನಾರ್ಮಲ್ ಶಾಲೆಯಲ್ಲಿ ಒಬ್ಬ ಉಪಾಧ್ಯಾಯನ ಹೊಲಸು ಮಾತಿಗೆ ಹೇಸಿ, ಬಾಲಕ ರವೀಂದ್ರ ಅವನ ಯಾವ ಪ್ರಶ್ನೆಗೂ ಉತ್ತರ ಕೊಡದೆ ವರ್ಷವಿಡೀ ಕೊನೆಯಲ್ಲಿ ಕುಳಿತಿದ್ದ. ವಾರ್ಷಿಕ ಪರೀಕ್ಷೆಯಲ್ಲಿ ಬಂಗಾಳಿಗೆ ಅವನಿಗೇ ಮೊದಲ ಸ್ಥಾನ ಬಂದಿತು. ಪರೀಕ್ಷಕರು ಪಕ್ಷಪಾತ ಮಾಡಿದರೆಂದು ಆ ಉಪಾಧ್ಯಾಯ ದೂರಿತ್ತ. ಮೇಲಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿ ಮತ್ತೆ ಪರೀಕ್ಷಿಸಿದರು, ಫಲಿತಾಂಶ ಬದಲಾಗಲಿಲ್ಲ. ಮಾತಾಡದವನಿಗೆ ಏನೂ ಬಾರದೆಂಬ ತೀರ್ಮಾನ ಎಷ್ಟು ಸುಲಭ, ಎಷ್ಟು ತಪ್ಪು!

ಊರು ಬಿಟ್ಟು ಬಂದ ಕನ್ನಡಿಗ ವಾಚಕರಿಗೆ ಹೆಚ್ಚು ತಟ್ಟುವುದು 1892ರ ‘ಛುಟಿ’. ಹಳ್ಳಿಯಲ್ಲಿ ಹುಡುಗರ ದಂಡಿಗೇ ನಾಯಕನಾಗಿದ್ದ ಫಟಿಕ ಸೋದರಮಾವನೊಡನೆ ಕಲಕತ್ತೆಗೆ ಬಂದೊಡನೆ ಮೂಕನಾಗುತ್ತಾನೆ. ಪ್ರಶ್ನೆ ಕೇಳಿದರೆ ಬಾಯಿ ಬಿಟ್ಟು ನಿಲ್ಲುತ್ತಾನೆ. ಇತರರು ಆಡುವಾಗ ಕಿಟಕಿಯ ಬಳಿ ನಿಂತು ದೂರದ ಮಾಳಿಗೆಗಳನ್ನು ನೋಡುತ್ತಾನೆ. ಅವನು ಪೆಟ್ಟು ತಿಂದಾಗ ಎಲ್ಲರಿಗಿಂತ ಹೆಚ್ಚಾಗಿ ನಗುವವರು ಮಾವನ ಮಕ್ಕಳೇ, ಅವನ ಬಂಧುತ್ವ ತಮಗೆ ಅವಮಾನವೆಂದು. ‘ಗಿನ್ನಿ’ಯಲ್ಲಿ ಕಾಣದ ಸಹಪಾಠಿಗಳು ಇಲ್ಲಿ ಕಾಣಿಸಿಕೊಂಡಿದ್ದಾರೆ. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲೊಂದು, ತರಗತಿಯಲ್ಲಿ ಮತ್ತೊಂದು ಎಂಬ ಸ್ಥಿತಿಯಲ್ಲಿ ಮುಂಬಯಿ, ಪುಣೆಗಳಲ್ಲಿ ಬೆಳೆಯುವ ಮಕ್ಕಳ ತಾಯಿತಂದೆಯರು, ‘ನಮ್ಮ ಹುಡುಗ ಪುಕ್ಕಲ’ ಎನ್ನುವ ಮುನ್ನ ಫಟಿಕನನ್ನೊಮ್ಮೆ ನೆನೆದರೆ ಲೇಸು.

ಠಾಕೂರರು ಗಾಯವನ್ನು ತೋರಿಸಿದರು. ಮದ್ದಿನ ಮಾತಿಗೆ ತೆತ್ಸುಕೊ ಕುರೊಯನಗಿಯವರ ‘ತೊತ್ತೋ-ಚಾನ್’ (1981) ನೋಡಬೇಕು. ಕನ್ನಡಕ್ಕೂ ಬಂದಿರುವ ಕೃತಿ. ತೋಕಿಯೋದ ತೊಮೊಯೆ ಶಾಲೆ, ರೈಲುಗಾಡಿಯ ಡಬ್ಬಿಗಳೇ ತರಗತಿ, ಕೊಬಾಯಾಶಿ ಮುಖ್ಯೋಪಾಧ್ಯಾಯರು. ಅಲ್ಲಿ ದಿನಕ್ಕೊಂದು ಮಗು ಊಟದ ಹೊತ್ತಿನಲ್ಲಿ ಎಲ್ಲರ ನಡುವೆ ನಿಂತು ಮಾತಾಡಬೇಕು. ಒಬ್ಬ ಹುಡುಗ ತನಗೆ ಹೇಳಲು ಏನೂ ಇಲ್ಲವೆಂದ. ಬೆಳಗ್ಗೆ ಎದ್ದೆಯಲ್ಲ, ಆಮೇಲೇನಾಯಿತು ಎಂದು ಕೇಳುತ್ತ ಅವರು ಅವನಿಂದ ಒಂದೊಂದೇ ವಾಕ್ಯ ಹೊರಡಿಸಿದರು: ಎದ್ದದ್ದು, ಹಲ್ಲುಜ್ಜಿದ್ದು, ಶಾಲೆಗೆ ಬಂದದ್ದು. ಅಷ್ಟೇ ಭಾಷಣ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆಶುವಿನ ಸಂಕಟದ ಗಳಿಗೆಯೂ ತಿಂಡಿಯ ಹೊತ್ತೇ ಆಗಿತ್ತು.

ಶಿವನಾಥನಿಗೆ ಉತ್ತರದಂತಿರುವ ಪ್ರಸಂಗವೂ ಇಲ್ಲಿದೆ. ಬೆಳವಣಿಗೆ ಕುಂಠಿತನಾದ ತಕಹಾಶಿಗೆ ಒಬ್ಬ ಉಪಾಧ್ಯಾಯಿನಿ ತಮಾಷೆಗೆ, ನಿನಗೆ ಬಾಲವಿದೆಯೇ ಎಂದು ಕೇಳಿಬಿಟ್ಟರು. ಕೊಬಾಯಾಶಿ ಅವರನ್ನು ಅಡುಗೆಮನೆಯಲ್ಲಿ, ಯಾರೂ ಇಲ್ಲದಾಗ, ಕಟುವಾಗಿ ಖಂಡಿಸಿದರು. ಉಪಾಧ್ಯಾಯರ ಕೋಣೆಯಲ್ಲಿ ಇತರರೆದುರು ಅವಮಾನಿಸಲಿಲ್ಲ. ಕ್ರೀಡಾದಿನದಲ್ಲಿ ಏಣಿಯ ಮೆಟ್ಟಿಲುಗಳ ಸಂದಿನಲ್ಲಿ ನುಸುಳುವಂಥ ಪಂದ್ಯಗಳನ್ನು ಇಟ್ಟು, ಗಿಡ್ಡ ಮೈಯೇ ಅನುಕೂಲವಾಗುವಂತೆ ಮಾಡಿದರು. ಎಲ್ಲದರಲ್ಲೂ ತಕಹಾಶಿಯೇ ಮೊದಲಿಗ. ಉಪದೇಶವಿಲ್ಲ, ಅನುಕಂಪದ ಮಾತಿಲ್ಲ. ಆಟದ ನಿಯಮವೇ ಅವನ ಪರವಾಗಿ ನಿಂತಿತು.

ಕೃತಜ್ಞ ಶಿಷ್ಯೆಯ ಬರವಣಿಗೆಯಾದ್ದರಿಂದ ಗುರುವಿನ ಸೋಲುಗಳು ಇದರಲ್ಲಿ ಕಾಣುವುದಿಲ್ಲ. ಸುಮಾರು 50 ಮಕ್ಕಳ ಶಾಲೆಯ ರೀತಿ, ಹುಡುಗರು ಕಿಕ್ಕಿರಿದ ನಮ್ಮ ತರಗತಿಗಳಿಗೆ ಹೇಗೆ ಒಗ್ಗೀತೆಂಬ ಶಂಕೆಯೂ ಉಳಿಯುತ್ತದೆ. ಆದರೆ ಊಟದ ಹೊತ್ತಿನ ಮಾತಿಗೆ, ಏಣಿಯ ಪಂದ್ಯಕ್ಕೆ ಹಣವೇನೂ ಬೇಕಾಗಿರಲಿಲ್ಲ. ಬಹುಮಾನಗಳೂ ಮೂಲಂಗಿ, ಸೊಪ್ಪುಗಳೇ. ಅವನ್ನು ಹೊತ್ತು ಮನೆಗೆ ಹೋಗಲು ನಾಚಿದ ಮಕ್ಕಳಿಗೆ ಕೊಬಾಯಾಶಿ, ಇದು ನೀವೇ ಸಂಪಾದಿಸಿದ ಆಹಾರ, ರಾತ್ರಿ ಇದನ್ನೇ ಅಡುಗೆ ಮಾಡಿಸಿ ಎಂದು ಹೇಳಿ ಕಳಿಸಿದರು.